ಮಗಳಿಗೆ ವಿಷುಯಲ್ ಪರ್ಸೆಪ್ಷನ್ ಟೆಸ್ಟ್ ಮಾಡಿಸಿದೆವು. ಡಿಸ್ಲೆಕ್ಸಿಯಾ (ಜಾಣ ಮಗುವಿಗೂ ಓದೋದು ಕಷ್ಟವಾಗುವ ತೊಂದರೆ) ಇದರಲ್ಲಿ ಗೊತ್ತಾಗುತ್ತದಾ?

ಎರಡು ಜಡೆ
ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮಾತಿನಲ್ಲಿ ಅವಳನ್ನು ಯಾರೂ ಸೋಲಿಸೋಕೆ ಆಗಲ್ಲ. ಒಂದು ಸಲ ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾಳೆ. ಪುಸ್ತಕ ಕೈಗೆ ಬಂತು ಅಂದರೆ ಬೇರೆಯೇ ಮಗು. ನಿನ್ನೆ 'ಮರದ' ಅಂತ ಇದ್ದದ್ದನ್ನು 'ಮದರ' ಅಂತ ಓದಿದಳು. ತಿದ್ದಿದೆ. ಎರಡು ಸಾಲು ಕೆಳಗೆ ಅದೇ ಪದ ಬಂದಾಗ 'ಮಂದಿರ' ಅಂದಳು. ಓದುವಾಗ ಬೆರಳನ್ನು ಹಾಳೆಗೆ ಎಷ್ಟು ಗಟ್ಟಿಯಾಗಿ ಒತ್ತುತ್ತಾಳೆ ಅಂದರೆ ಉಗುರಿನ ತುದಿ ಬೆಳ್ಳಗಾಗಿರುತ್ತದೆ.

ಯಾರೋ ಹೇಳಿದರು ಅಂತ ಒಂದು ಕಡೆ ವಿಷುಯಲ್ ಪರ್ಸೆಪ್ಷನ್ ಟೆಸ್ಟ್, ಅಂದರೆ ಆಕಾರಗಳನ್ನು ನೋಡಿ ಗುರುತಿಸುವ ಪರೀಕ್ಷೆ, ಮಾಡಿಸಿದೆವು. ಏಳು ಭಾಗ ಇತ್ತು. ಒಂದರಲ್ಲಿ ತುಂಬಾ ಕಡಿಮೆ ಬಂದಿದೆ, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ. 'ಕಣ್ಣು ನೋಡಿದ್ದು ಮೆದುಳಿಗೆ ಸರಿಯಾಗಿ ತಲುಪುತ್ತಿಲ್ಲ, ಅದಕ್ಕೇ ಡಿಸ್ಲೆಕ್ಸಿಯಾ' ಅಂದರು. 40 ಸಿಟ್ಟಿಂಗ್ ಮಾಡಿಸಿ ಅಂದಿದ್ದಾರೆ. ಆಕಾರದ ಮೇಲೆ ಗೆರೆ ಎಳೆಯೋದು, ಅಡಗಿರುವ ಚಿತ್ರ ಹುಡುಕೋದು, ತೂಗುವ ಚೆಂಡನ್ನು ಕಣ್ಣಲ್ಲೇ ಹಿಂಬಾಲಿಸೋದು, ಇಂಥವು. ಅದು ಮುಗಿದರೆ ಓದು ತಾನಾಗೇ ಬರುತ್ತದಂತೆ.

ಮಾಡಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ. ಇನ್ನೊಂದು ವರ್ಷ ಸುಮ್ನೆ ಕಳೆದುಹೋದರೆ ಅನ್ನೋ ಭಯ ನನಗೆ.

ಗುಬ್ಬಿ
ನಮ್ಮದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಕಪ್ಪು ಹಲಗೆ
ನಾನು ಸ್ಪೆಷಲ್ ಎಜುಕೇಟರ್. 19 ವರ್ಷದಿಂದ ಓದು ಬಾರದ ಮಕ್ಕಳ ಜೊತೆಗೇ ಇದ್ದೇನೆ. ನೇರವಾಗಿ ಹೇಳುತ್ತೇನೆ: ಆ ಟೆಸ್ಟಿನಿಂದ ಡಿಸ್ಲೆಕ್ಸಿಯಾ ಇದೆ ಅಂತಲೂ ಹೇಳೋಕೆ ಆಗಲ್ಲ, ಇಲ್ಲ ಅಂತಲೂ ಹೇಳೋಕೆ ಆಗಲ್ಲ. ಅದರಲ್ಲಿ ಚೆನ್ನಾಗಿ ಮಾಡಿಯೂ ಓದಲಾಗದ ಮಕ್ಕಳನ್ನು ನೋಡಿದ್ದೇನೆ. ಅದರಲ್ಲಿ ಸೋತು ಸರಾಗವಾಗಿ ಓದುವವರನ್ನೂ ನೋಡಿದ್ದೇನೆ.

ಒಂದು ಕೇಳಬೇಕು. ಇಡೀ ಟೆಸ್ಟಿನಲ್ಲಿ ಯಾರಾದರೂ ಅವಳ ಕೈಲಿ ಒಂದು ಪದ ಓದಿಸಿದರಾ?

ಎರಡು ಜಡೆ
ಇಲ್ಲ ಮೇಡಂ. ಒಂದೇ ಒಂದು ಪದವನ್ನೂ ಓದಿಸಲಿಲ್ಲ. ನೀವು ಕೇಳಿದ ಮೇಲೆ ನನಗೂ ಹೊಳೆಯಿತು.

ಕಣ್ಣಳತೆ
ನಾನು ಆಪ್ಟೋಮೆಟ್ರಿಸ್ಟ್, ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವನು. ಚರ್ಚೆ ಒಂದೇ ಕಡೆ ವಾಲುವ ಮೊದಲು ಒಂದು ಮಾತು. ಕಣ್ಣಿನ ಪರೀಕ್ಷೆಯೇ ಬೇಡ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. ದೂರದ ಚಾರ್ಟ್ ಪೂರ್ತಿ ಓದುವ ಮಗುವಿಗೂ ಹತ್ತಿರ ನೋಡುವಾಗ ಕಣ್ಣು ಸೋಲಬಹುದು. ಪ್ಲಸ್ ಪವರ್ (ಹತ್ತಿರದ್ದು ನೋಡೋಕೆ ಕಣ್ಣು ಹೆಚ್ಚು ಶ್ರಮಪಡುವ ದೋಷ) ಇರುವ ಮಕ್ಕಳು ಹತ್ತು ನಿಮಿಷ ಹೇಗೋ ತಡೆದುಕೊಂಡು ಓದಿ, ಆಮೇಲೆ ತಲೆನೋವು ಅಂತ ಪುಸ್ತಕ ಮುಚ್ಚುತ್ತಾರೆ. ಡ್ರಾಪ್ಸ್ ಹಾಕಿ ನೋಡದಿದ್ದರೆ ಅದು ತಪ್ಪಿಹೋಗುತ್ತದೆ. ಎರಡು ಕಣ್ಣು ಹತ್ತಿರಕ್ಕೆ ಸರಿಯಾಗಿ ಕೂಡದಿದ್ದರೂ ಅಕ್ಷರ ಎರಡೆರಡಾಗಿ ಕಾಣುತ್ತದೆ. ಇವನ್ನೆಲ್ಲ ನೋಡಲೇಬೇಕು.

ಅವಳಿ ಅಪ್ಪ
ಸರ್, ಅದು ಕಣ್ಣಿನ ಪರೀಕ್ಷೆ. ಇವರಿಗೆ ಮಾಡಿಸಿರೋದು ಆಕಾರ ಗುರುತಿಸುವ ಪರೀಕ್ಷೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಪೋಷಕರು ಎಲ್ಲಿಗೆ ಹೋಗಬೇಕು? ನಮಗೆ ಅವಳಿ ಗಂಡುಮಕ್ಕಳು. ಒಬ್ಬ ಆರು ವರ್ಷಕ್ಕೇ ಓದಿದ, ಇನ್ನೊಬ್ಬನಿಗೆ ಹತ್ತಾದರೂ ಬರಲಿಲ್ಲ. ಓದಲಾಗದವನೇ ಜಿಗ್ಸಾ ಚಿತ್ರವನ್ನು ಅಣ್ಣನಿಗಿಂತ ಬೇಗ ಜೋಡಿಸುತ್ತಿದ್ದ. ಆದರೂ 'ನೋಡಿ ಗ್ರಹಿಸುವುದರಲ್ಲಿ ತೊಂದರೆ' ಅಂತಲೇ ಬರೆದುಕೊಟ್ಟರು. ಒಂದೂವರೆ ವರ್ಷ ಗೆರೆ ಎಳೆಸಿದೆವು. ಗೆರೆ ಚೆನ್ನಾಗಾಯಿತು, ಓದು ಇದ್ದಲ್ಲೇ ಇತ್ತು. ಆ ಒಂದೂವರೆ ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಣ್ಣಳತೆ
ನಿಮ್ಮ ಸಂಕಟ ಅರ್ಥವಾಗುತ್ತದೆ ಸರ್. ನಾನು ಆ ವ್ಯಾಯಾಮಗಳ ಪರ ವಹಿಸಿ ಮಾತಾಡುತ್ತಿಲ್ಲ. ನಮ್ಮ ಕ್ಷೇತ್ರದಲ್ಲೇ ಆದ ದೊಡ್ಡ ಪ್ರಯೋಗ ಹೇಳುತ್ತೇನೆ. ಕಣ್ಣು ಹತ್ತಿರಕ್ಕೆ ಕೂಡದ ತೊಂದರೆ ಇದ್ದ 9ರಿಂದ 14 ವರ್ಷದ 310 ಮಕ್ಕಳಿಗೆ 16 ವಾರ ಕಣ್ಣಿನ ವ್ಯಾಯಾಮ ಮಾಡಿಸಿದರು. ಕೆಲವರಿಗೆ ನಿಜವಾದದ್ದು, ಕೆಲವರಿಗೆ ತೋರಿಕೆಯದ್ದು. 2019ರಲ್ಲಿ ಫಲಿತಾಂಶ ಬಂತು. ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಅದನ್ನು ನಾನು ಪೋಷಕರಿಗೆ ಮುಚ್ಚಿಡುವುದಿಲ್ಲ. ಕಣ್ಣಿಗೆ ಆರಾಮ ಸಿಗಲಿ ಅಂತ ಚಿಕಿತ್ಸೆ ಕೊಡುತ್ತೇನೆ, ಓದು ಬರುತ್ತದೆ ಅಂತ ಮಾತು ಕೊಡುವುದಿಲ್ಲ.

ಚುಕ್ಕಿ ಗೆರೆ
ಮನಃಶಾಸ್ತ್ರ ಓದಿದವಳು ನಾನು. ಈ 'ಕಣ್ಣಿನ ತಪ್ಪು' ಅನ್ನೋ ನಂಬಿಕೆ ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಡಿಸ್ಲೆಕ್ಸಿಯಾ ಅನ್ನೋ ಹೆಸರಿಟ್ಟದ್ದೇ ಕಣ್ಣಿನ ಡಾಕ್ಟರು, ಜರ್ಮನಿಯ ರುಡಾಲ್ಫ್ ಬರ್ಲಿನ್, 1887ರಲ್ಲಿ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನೋ ಇಂಗ್ಲೆಂಡಿನ ವೈದ್ಯರು 14 ವರ್ಷದ ಜಾಣ ಹುಡುಗನೊಬ್ಬನ ಬಗ್ಗೆ ಬರೆದರು. ಓದೋಕೆ ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಅವರು ಕೊಟ್ಟ ಹೆಸರು ಹುಟ್ಟು ಪದಕುರುಡು. ಆಮೇಲೆ 1925ರಲ್ಲಿ ಸ್ಯಾಮುಯೆಲ್ ಆರ್ಟನ್ ಬಂದು ಅಕ್ಷರ ತಿರುಗುಮುರುಗಾಗುವುದರ ಮೇಲೆ ಒತ್ತು ಕೊಟ್ಟರು. 1960ರ ದಶಕದಲ್ಲಿ ಮರಿಯಾನೆ ಫ್ರಾಸ್ಟಿಗ್ ಅವರ ಟೆಸ್ಟು ಜನಪ್ರಿಯವಾಯಿತು. ಗೆರೆ ಎಳೆಯೋದು, ಅಡಗಿದ ಆಕಾರ ಹುಡುಕೋದು ಎಲ್ಲ ಅದರಲ್ಲೂ ಇತ್ತು. ಅದರ ಜೊತೆಗೇ ತರಬೇತಿಯ ಹಾಳೆಗಳೂ ಬಂದವು. 70ರ ದಶಕದಲ್ಲಿ ಆ ತರಬೇತಿ ಪಡೆದ ಮಕ್ಕಳನ್ನು ಪರಿಶೀಲಿಸಿದಾಗ ಓದು ಸುಧಾರಿಸಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಫ್ರಾಂಕ್ ವೆಲ್ಯುಟಿನೋ ಅವರದ್ದು. ಓದಲು ಕಷ್ಟಪಡುವ ಮಕ್ಕಳಿಗೂ ಚೆನ್ನಾಗಿ ಓದುವ ಮಕ್ಕಳಿಗೂ ಹೀಬ್ರೂ ಅಕ್ಷರ ತೋರಿಸಿದರು. ಇಬ್ಬರಿಗೂ ಆ ಲಿಪಿ ಗೊತ್ತಿಲ್ಲ. ತೋರಿಸಿ, ತೆಗೆದು, ನೆನಪಿನಿಂದ ಬರೆಯಿರಿ ಅಂದರು. ಎರಡು ಗುಂಪೂ ಒಂದೇ ಥರ ಬರೆದವು! ಕಣ್ಣಿನ ಗ್ರಹಿಕೆಯೇ ಕೆಟ್ಟಿದ್ದರೆ ಅಲ್ಲೂ ಸೋಲಬೇಕಿತ್ತು ಅಲ್ವಾ? ಸದ್ದು ಅಂಟಿಕೊಂಡಿರುವ ಅಕ್ಷರ ಬಂದಾಗ ಮಾತ್ರ ತೊಂದರೆ.

ಗುಬ್ಬಿ
ಹೀಬ್ರೂ ವಿಷಯ ಓದಿ ಮೈ ಜುಮ್ ಅಂತು. ಎಷ್ಟು ಸರಳವಾದ ಪ್ರಯೋಗ.

ನೀಲಿ ಹಾಳೆ
ನೀವೆಲ್ಲ ಸಂಶೋಧನೆ ಅನ್ನುತ್ತೀರಿ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನನ್ನ ಮಗನ ಪುಸ್ತಕದ ಮೇಲೆ ತಿಳಿನೀಲಿ ಪ್ಲಾಸ್ಟಿಕ್ ಹಾಳೆ ಇಟ್ಟ ದಿನವೇ ಅವನು ಅರ್ಧ ಪುಟ ಓದಿದ. ಮೊದಲು ಮೂರು ಸಾಲಿಗೇ ಅಳುತ್ತಿದ್ದ. ಇದನ್ನು ಸುಳ್ಳು ಅಂತ ಹೇಗೆ ಹೇಳಲಿ?

ಅವಳಿ ಅಪ್ಪ
ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಆವತ್ತು ಅವನ ಪಕ್ಕ ಕೂತಿದ್ದವರು ಯಾರು? ಬೈಯದೆ ಓದಿಸಿದವರು ಯಾರು? ಹಾಳೆಯ ಜೊತೆ ಅದೂ ಬದಲಾಗಿರುತ್ತದೆ.

ನೀಲಿ ಹಾಳೆ
ನಾನು ಯಾವತ್ತೂ ಬೈದು ಓದಿಸಿಲ್ಲ. ಗೊತ್ತಿಲ್ಲದೆ ಹೀಗೆ ಹೇಳಬೇಡಿ.

ಅವಳಿ ಅಪ್ಪ
ತಪ್ಪಾಯಿತು. ನಮ್ಮ ಮನೆಯಲ್ಲಿ ಬೈದು ಓದಿಸಿದವನು ನಾನು. ಅದನ್ನು ನಿಮ್ಮ ಮೇಲೆ ಹಾಕಿದ್ದು ಸರಿಯಲ್ಲ.

ಚುಕ್ಕಿ ಗೆರೆ
ನೀಲಿ ಹಾಳೆ ಅವರೇ, ಬಣ್ಣದ ಹಾಳೆ, ಬಣ್ಣದ ಕನ್ನಡಕದ ವಿಚಾರ 1980ರ ಸುಮಾರಿಗೆ ಶುರುವಾಯಿತು, ಹೆಲೆನ್ ಅರ್ಲೆನ್ ಅದಕ್ಕೆ ಹೆಸರಾದವರು. 2011ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪ್ರತಿ ಮಗುವಿಗೂ ಅದಕ್ಕೇ ಆರಿಸಿದ ಬಣ್ಣ, ಬೇರೆ ಬಣ್ಣ, ಬಣ್ಣವಿಲ್ಲದ ಹಾಳೆ, ಮೂರನ್ನೂ ಇಟ್ಟು ಓದಿಸಿದರು. ಓದಿನ ವೇಗದಲ್ಲಿ ಲಾಭ ಕಾಣಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿದ್ದೂ ಇದನ್ನೇ. ಬಣ್ಣದ ಗಾಜು, ಕಣ್ಣಿನ ವ್ಯಾಯಾಮ ಡಿಸ್ಲೆಕ್ಸಿಯಾಗೆ ಚಿಕಿತ್ಸೆ ಅನ್ನೋಕೆ ಪುರಾವೆ ಇಲ್ಲ.

ಹಾಗಂತ ನಿಮ್ಮ ಮಗನ ಹಾಳೆ ಕಿತ್ತುಕೊಳ್ಳಬೇಡಿ. ಬೆಳ್ಳನೆ ಕಾಗದದ ಹೊಳಪು ಕೆಲವರಿಗೆ ಕಷ್ಟ. ಅದು ಅವನಿಗೆ ಆರಾಮ ಕೊಟ್ಟರೆ ಇರಲಿ. ಅದರ ಜೊತೆ ಓದು ಕಲಿಸೋದು ನಡೆಯುತ್ತಿದೆಯಾ, ಅದಷ್ಟೇ ನನ್ನ ಪ್ರಶ್ನೆ.

ನೀಲಿ ಹಾಳೆ
ನಡೆಯುತ್ತಿದೆ. ವಾರಕ್ಕೆ ನಾಲ್ಕು ದಿನ. ಎರಡೂ ಒಂದೇ ತಿಂಗಳಲ್ಲಿ ಶುರುವಾಯಿತು ಅನ್ನೋದೂ ನಿಜ.

ಹಳೇ ಬೆಂಚು
ನನಗೆ 46. ನನ್ನ ಮಗನಿಗೆ ಡಿಸ್ಲೆಕ್ಸಿಯಾ ಅಂತ ಗೊತ್ತಾದಾಗಲೇ ನನ್ನದೂ ಗೊತ್ತಾಗಿದ್ದು. ಅಕ್ಷರ ಕುಣಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಹಾಗೆ ಅನ್ನಿಸಬಹುದು. ನನಗೆ ಯಾವತ್ತೂ ಕುಣಿದಿಲ್ಲ. ಅಕ್ಷರ ನೆಟ್ಟಗೆ ನಿಂತಿರುತ್ತದೆ, ಚೆನ್ನಾಗೇ ಕಾಣುತ್ತದೆ. ಪರಿಚಯದ ಮುಖ ಕಂಡು ಹೆಸರು ಬಾಯಿಗೆ ಬಾರದ ಹಾಗೆ ಆಗುತ್ತದೆ. ಹೆಸರು ಬರುವಷ್ಟರಲ್ಲಿ ಮುಂದಿನ ಅಕ್ಷರ ಕಾಯುತ್ತಿರುತ್ತದೆ, ಅದರದ್ದು ಬರುವಷ್ಟರಲ್ಲಿ ಹಿಂದಿನದ್ದು ಮರೆತಿರುತ್ತದೆ. ಸಾಲಿನ ಕೊನೆಗೆ ಬಂದಾಗ ಏನು ಓದಿದೆ ಅನ್ನೋದೇ ಕೈಗೆ ಸಿಗಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ ಓದು ಅಂದಾಗ ಇಡೀ ಕ್ಲಾಸು ಕಾಯುತ್ತಿತ್ತು. ಆ ಮೌನ ಇನ್ನೂ ಕಿವಿಯಲ್ಲಿದೆ.

ಯಾರಾದರೂ ಆವತ್ತು 'ದಡ್ಡ ಅಲ್ಲ ನೀನು' ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಎರಡು ಜಡೆ
ಅಣ್ಣಾ, ನಿಮ್ಮ ಮಾತು ಮಗಳಿಗೆ ಓದಿ ಹೇಳಿದೆ. 'ಮುಖ ಗೊತ್ತು, ಹೆಸರು ಬರಲ್ಲ. ಹೂಂ, ಹಾಗೇ' ಅಂದಳು. ಇಷ್ಟು ದಿನ ನಾನು ಅವಳನ್ನು ಕೇಳಿಯೇ ಇರಲಿಲ್ಲ.

ಕಪ್ಪು ಹಲಗೆ
ಎರಡು ಜಡೆ ಅವರೇ, ರಿಪೋರ್ಟಿನಲ್ಲಿ ತುಂಬಾ ಕಡಿಮೆ ಬಂದ ಭಾಗ ಯಾವುದು?

ಎರಡು ಜಡೆ
ಸಾಲಾಗಿ ಇರುವ ಆಕಾರಗಳನ್ನು ತೋರಿಸಿ, ಪುಟ ತಿರುಗಿಸಿ, ಅದೇ ಸಾಲು ಯಾವುದು ಅಂತ ಹುಡುಕೋದು. ಅಡಗಿರುವ ಆಕಾರ ಹುಡುಕೋದರಲ್ಲಿ ವಯಸ್ಸಿಗಿಂತ ಜಾಸ್ತಿಯೇ ಬಂದಿದೆ.

ಕಪ್ಪು ಹಲಗೆ
ನೋಡಿ, ಇಲ್ಲೇ ವಿಷಯ ಇರುವುದು. ಆ ಸಾಲನ್ನು ನೀವು ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಅಂತ ಒಮ್ಮೆ ಯೋಚಿಸಿ. 'ಚೌಕ, ಗುಂಡು, ಕೂಡಿಸು, ಗುಂಡು' ಅಂತ ಮನಸ್ಸಲ್ಲೇ ಹೇಳಿಕೊಳ್ಳುತ್ತೀರಿ. ಕಣ್ಣಿನ ಪರೀಕ್ಷೆ ಅಂತ ಹೆಸರು, ಒಳಗೆ ಕೆಲಸ ಮಾಡೋದು ಮಾತು. ಬೇಗ ಹೆಸರು ಬಾರದ ಮಗು ಅಲ್ಲೂ ಎಡವುತ್ತದೆ. ನೋಡುವುದೇ ಕಷ್ಟವಾಗಿದ್ದರೆ ಅಡಗಿದ ಆಕಾರ ಹುಡುಕೋದರಲ್ಲಿ ಅಷ್ಟು ಚೆನ್ನಾಗಿ ಮಾಡೋದು ಹೇಗೆ?

ಇವತ್ತು ರಾತ್ರಿ ಆಟದ ಥರ ಎರಡು ಕೆಲಸ ಮಾಡಿ ನೋಡಿ. ಇದು ಟೆಸ್ಟ್ ಅಲ್ಲ, ನಿಮ್ಮ ತಿಳುವಳಿಕೆಗೆ. ಪುಸ್ತಕ ಇಲ್ಲದೆ, ಬಾಯಲ್ಲೇ ಕೇಳಿ: 'ಕಲ್ಲು' ಪದದಲ್ಲಿ ಮೊದಲ ಸದ್ದು ತೆಗೆದು 'ಹ' ಹಾಕಿದರೆ ಏನಾಗುತ್ತದೆ? ಆಮೇಲೆ ಅರ್ಥವಿಲ್ಲದ ಪದಗಳನ್ನು ಬರೆದು ಓದಿಸಿ. 'ಬಿಗದು', 'ತಮುಕಿ', 'ನೊಪರಿ' ಇಂಥವು. ಊಹೆ ಮಾಡೋಕೆ ದಾರಿ ಇಲ್ಲದ ಪದ ಬೇಕು.

ಎರಡು ಜಡೆ
ಮಾಡಿದೆ. 'ಕಲ್ಲು'ಗೆ ತುಂಬಾ ಹೊತ್ತು ಯೋಚಿಸಿ 'ಹಕಲ್ಲು' ಅಂದಳು. 'ಬಿಗದು' ಅನ್ನು 'ಬಿದ್ದದ್ದು' ಅಂತ ಓದಿದಳು. 'ತಮುಕಿ' ನೋಡಿ ನನ್ನ ಮುಖ ನೋಡಿದಳು. ಬೆರಳು ಹಾಳೆ ಮೇಲೆ ಇಟ್ಟು ಹಾಗೇ ಕೂತಳು. ನಾನು ಹಾಳೆ ಮಡಚಿ ಅವಳನ್ನು ತಬ್ಬಿಕೊಂಡೆ.

ಚುಕ್ಕಿ ಗೆರೆ
ಇದೇ ದಾರಿ ನೇರವಾಗಿ ಓದಿಗೆ ಹೋಗುತ್ತದೆ. 1983ರಲ್ಲಿ ಬ್ರ್ಯಾಡ್ಲಿ ಮತ್ತು ಬ್ರಯಂಟ್ 'ನೇಚರ್'ನಲ್ಲಿ ಪ್ರಕಟಿಸಿದ್ದು ಇದನ್ನೇ. ಓದು ಕಲಿಯುವ ಮೊದಲೇ ಸದ್ದುಗಳನ್ನು ವಿಂಗಡಿಸಬಲ್ಲ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆ. ಸದ್ದಿನ ಜೊತೆ ಅಕ್ಷರವನ್ನೂ ಸೇರಿಸಿ ಕಲಿಸಿದರೆ ಲಾಭ ಇನ್ನೂ ಜಾಸ್ತಿ. ಇನ್ನೊಂದು ಸರಳ ಪರೀಕ್ಷೆ 1970ರ ದಶಕದಿಂದ ಇದೆ. ಐದೇ ಬಣ್ಣ ಅಥವಾ ಚಿತ್ರ, ತಿರುಗಿ ತಿರುಗಿ ಐವತ್ತು ಸಲ ಬರುತ್ತದೆ, ಬೇಗ ಬೇಗ ಹೆಸರು ಹೇಳಬೇಕು. ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ಇಲ್ಲಿ ನಿಧಾನ.

ಓದುವ ಹುಳು
ಒಂದು ನಿಮಿಷ. ಮೆದುಳಿನ ಸ್ಕ್ಯಾನ್‌ನಲ್ಲೇ ದೃಷ್ಟಿಯ ತೊಂದರೆ ಕಂಡಿದೆ ಅಂತ ಓದಿದ್ದೇನೆ. ಓಡುವ ಚುಕ್ಕಿಗಳನ್ನು ತೋರಿಸಿದಾಗ ಡಿಸ್ಲೆಕ್ಸಿಯಾ ಇರುವವರ ಮೆದುಳು ಅಷ್ಟಾಗಿ ಸ್ಪಂದಿಸಲಿಲ್ಲ ಅಂತ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಚುಕ್ಕಿ ಗೆರೆ
ಹೇಳಬೇಕಾದದ್ದೇ. 1996ರಲ್ಲಿ ಗ್ವಿನೆವೀರ್ ಈಡನ್ ಮತ್ತು ಸಂಗಡಿಗರು ಅದನ್ನು ತೋರಿಸಿದರು. ಚಲನೆ ಗುರುತಿಸುವ ಜಾಗ ಡಿಸ್ಲೆಕ್ಸಿಯಾ ಇದ್ದವರಲ್ಲಿ ಮಂದವಾಗಿತ್ತು. ಆಕ್ಸ್‌ಫರ್ಡಿನ ಜಾನ್ ಸ್ಟೈನ್ ಇದೇ ನಂಬಿಕೆಯನ್ನು ಬಹಳ ವರ್ಷ ಮುಂದಕ್ಕೆ ಒಯ್ದರು. ಆದರೆ ಅದೇ ಈಡನ್ ಅವರ ತಂಡ 2013ರಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿತು. ಓದು ಕಡಿಮೆ ಆದದ್ದರಿಂದ ಆ ಜಾಗ ಮಂದವಾಯಿತಾ? ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಅವರಷ್ಟೇ ಓದಬಲ್ಲ ಚಿಕ್ಕ ಮಕ್ಕಳ ಜೊತೆ ಹೋಲಿಸಿದರು. ವ್ಯತ್ಯಾಸ ಮಾಯ. ಆಮೇಲೆ ಆ ಮಕ್ಕಳಿಗೆ ಸದ್ದು ಮತ್ತು ಅಕ್ಷರದ ಮೂಲಕ ಓದು ಕಲಿಸಿದರು. ಆ ಜಾಗದ ಚಟುವಟಿಕೆ ಹೆಚ್ಚಿತು! ಕಣ್ಣಿಗೆ ಏನೂ ವ್ಯಾಯಾಮ ಮಾಡಿಸಿರಲಿಲ್ಲ. ಓದಿದ್ದರಿಂದಲೇ ನೋಟ ಬದಲಾಯಿತು.

ಚಕಮಕಿ ಮುಗಿದಿಲ್ಲ, ಅದೂ ನಿಜ. ಇಟಲಿಯ ತಂಡವೊಂದು 2012ರಲ್ಲಿ, ಓದು ಕಲಿಯುವ ಮೊದಲೇ ನೋಟದ ಗಮನ ದುರ್ಬಲವಾಗಿದ್ದ ಮಕ್ಕಳು ಮುಂದೆ ಓದಲು ಕಷ್ಟಪಟ್ಟರು ಅಂತ ತೋರಿಸಿತು. ಅದೇ ವರ್ಷ ಇನ್ನೊಂದು ಅಧ್ಯಯನದಲ್ಲಿ ಅಕ್ಷರಗಳ ನಡುವೆ ಜಾಗ ಬಿಟ್ಟಾಗ ಇಟಲಿ, ಫ್ರಾನ್ಸಿನ ಡಿಸ್ಲೆಕ್ಸಿಯಾ ಮಕ್ಕಳು ಹೆಚ್ಚು ಸರಿಯಾಗಿ ಓದಿದರು. ಹಾಗಾಗಿ ಕಣ್ಣಿಗೆ ಏನೂ ಪಾತ್ರವೇ ಇಲ್ಲ ಅಂತ ನಾನು ಹೇಳಲ್ಲ. ಆಕಾರಗಳ ಟೆಸ್ಟ್ ಮಾಡಿ, ಆಕಾರಗಳನ್ನೇ ಕಲಿಸಿ, ಓದಿಗೆ ಕಾಯೋದು ಬೇಡ ಅಂತ ಹೇಳುತ್ತೇನೆ.

ಗುಬ್ಬಿ
ಹಾಗಾದರೆ ಡಿಸ್ಲೆಕ್ಸಿಯಾ ಫಾಂಟ್? ಕೆಳಗೆ ದಪ್ಪ ಇರುತ್ತದಲ್ಲ, ಅದು?

ಕಪ್ಪು ಹಲಗೆ
ಪರೀಕ್ಷೆ ಮಾಡಿದ ಕಡೆಯೆಲ್ಲ ಹೆಚ್ಚೇನೂ ಲಾಭ ಕಂಡಿಲ್ಲ. ಅಕ್ಷರ ಸ್ವಲ್ಪ ದೊಡ್ಡದು, ಸಾಲುಗಳ ನಡುವೆ ಜಾಗ, ಅಷ್ಟು ಸಾಕು.

ಓದುವ ಹುಳು
ನಮ್ಮ ಲಿಪಿಗೆ ಇದೆಲ್ಲ ಅನ್ವಯ ಆಗುತ್ತದಾ? ಇಂಗ್ಲಿಷ್‌ಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪ. ಪ, ವ, ಮ ಒಂದೇ ಥರ ಕಾಣುತ್ತವೆ. ಇಲ್ಲಿ ಕಣ್ಣಿನ ಕೆಲಸ ಜಾಸ್ತಿ ಇರಲೇಬೇಕು.

ಕಪ್ಪು ಹಲಗೆ
ಒಳ್ಳೆ ಪ್ರಶ್ನೆ. ಜಾಸ್ತಿ ಇದೆ, ನಾನು ಒಪ್ಪುತ್ತೇನೆ. ಕನ್ನಡ ಓದು ಕಲಿಯೋದರ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳನ್ನು ಪೂರ್ತಿ ಕಲಿಯೋದು ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಅಂತ ಕಂಡಿದೆ. ಹಾಗಾಗಿ ಎರಡನೇ ಕ್ಲಾಸಿನ ಮಗು ದ, ಧ ಅದಲು ಬದಲು ಮಾಡಿತು ಅಂತ ಗಾಬರಿ ಬೀಳಬಾರದು.

ಆದರೆ 'ಸೂರ್ಯ' ಪದ ತಗೊಳ್ಳಿ. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಬರೆಯುವಾಗ ಅರ್ಕಾವತ್ತು ಯ ಆದ ಮೇಲೆ ಬರುತ್ತದೆ. ನನ್ನ ಮಕ್ಕಳಲ್ಲಿ ಎಷ್ಟೋ ಜನ ಇದನ್ನು 'ಸೂಯರ' ಅಂತ ಓದುತ್ತಾರೆ. ಅವರ ಕಣ್ಣು ಸರಿಯಾಗೇ ನೋಡಿದೆ! ಇದ್ದ ಕ್ರಮದಲ್ಲೇ ಓದಿದ್ದಾರೆ. ಕಲಿಸಬೇಕಾದದ್ದು ಯಾವ ಗುರುತು ಯಾವ ಸದ್ದಿನ ಮುಂಚೆ ಬರುತ್ತದೆ ಅನ್ನೋದನ್ನು. ತೂಗುವ ಚೆಂಡು ನೋಡಿ ಅದು ಬರಲ್ಲ.

ಕಣ್ಣಳತೆ
'ಸೂಯರ' ಉದಾಹರಣೆ ನಾನು ಪೋಷಕರಿಗೆ ಹೇಳುತ್ತೇನೆ, ಅಪ್ಪಣೆ ಇದ್ದರೆ. ಒಂದು ಅಂಕಿ ಅಂಶ ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ 2015ರಲ್ಲಿ 5822 ಮಕ್ಕಳ ಕಣ್ಣು ಮತ್ತು ಓದು ಎರಡನ್ನೂ ನೋಡಿದ ಅಧ್ಯಯನ ಪ್ರಕಟವಾಯಿತು. ತೀವ್ರ ಓದಿನ ತೊಂದರೆ ಇದ್ದವರಲ್ಲಿ ಶೇ 80ರಷ್ಟು ಮಕ್ಕಳ ಕಣ್ಣಿನ ಪರೀಕ್ಷೆಗಳೆಲ್ಲ ಸರಿಯಾಗೇ ಇದ್ದವು. ಉಳಿದವರಿಗಾಗಿ ನಾನು ಪರೀಕ್ಷೆ ಮಾಡಿ ಅನ್ನುತ್ತೇನೆ.

ಅವಳಿ ಅಪ್ಪ
ಇದನ್ನು ನೀವು ಮೊದಲೇ ಹೇಳಿದ್ದರೆ ನಾನು ಅಷ್ಟು ಜೋರು ಮಾಡುತ್ತಿರಲಿಲ್ಲ ಸರ್. ಎರಡು ಜಡೆ ಅವರೇ, ಕೇಳಬೇಕಾದದ್ದು ಒಂದಿದೆ. ನನ್ನ ಮಗನಿಗೆ ಹತ್ತೂವರೆಗೆ ಸರಿಯಾದ ಕಲಿಕೆ ಸಿಕ್ಕಿತು. ಈಗ ಹದಿನಾಲ್ಕು. ತಪ್ಪಿಲ್ಲದೆ ಓದುತ್ತಾನೆ, ಆದರೆ ನಿಧಾನ. ಅಣ್ಣ ಎರಡು ಪುಟ ಮುಗಿಸುವಾಗ ಇವನದ್ದು ಒಂದು. ಅದಕ್ಕೇ ಎಂಟು ವರ್ಷದಲ್ಲೇ ಶುರು ಮಾಡಿ ಅನ್ನೋದು.

ಚುಕ್ಕಿ ಗೆರೆ
ಅದು ಸಂಶೋಧನೆಯಲ್ಲೂ ಹಾಗೇ ಇದೆ. 2001ರಲ್ಲಿ ಜೋಸೆಫ್ ಟಾರ್ಗೆಸನ್ ತಂಡ 8ರಿಂದ 10 ವರ್ಷದ ಮಕ್ಕಳಿಗೆ ಒಬ್ಬರಿಗೊಬ್ಬರು ಕೂತು 67.5 ಗಂಟೆ ಕಲಿಸಿತು, ಎಂಟೇ ವಾರದಲ್ಲಿ. ಸರಿಯಾಗಿ ಓದೋದು ತುಂಬಾ ಸುಧಾರಿಸಿತು. ವೇಗ ಅಷ್ಟಾಗಿ ಬರಲಿಲ್ಲ.

ಹಳೇ ಬೆಂಚು
ವೇಗ ಇಲ್ಲದಿದ್ದರೂ ಬದುಕು ನಡೆಯುತ್ತದೆ. ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೇಳಿ ಪಡೆಯಿರಿ. ನಾಚಿಕೆ ಬೇಡ.

ಎರಡು ಜಡೆ
ಹನ್ನೊಂದು ವಾರದ ಮೇಲೆ ಬರೆಯುತ್ತಿದ್ದೇನೆ. 40 ಸಿಟ್ಟಿಂಗ್‌ಗೆ ಸೇರಿಸಲಿಲ್ಲ. ಕಣ್ಣು ತೋರಿಸಿದೆವು, ಸ್ವಲ್ಪ ಪ್ಲಸ್ ಪವರ್ ಇತ್ತು, ಕನ್ನಡಕ ಬಂತು. ತಲೆನೋವು ನಿಂತಿತು. ಓದು ಅದರಿಂದ ಬರಲಿಲ್ಲ, ಕಣ್ಣಳತೆ ಸರ್ ಹೇಳಿದ ಹಾಗೇ. ಓದು, ಬರವಣಿಗೆ, ಸದ್ದು ಎಲ್ಲ ನೋಡುವ ಪೂರ್ತಿ ಪರೀಕ್ಷೆ ಬೇರೆ ಕಡೆ ಮಾಡಿಸಿದೆವು. ಡಿಸ್ಲೆಕ್ಸಿಯಾ ಅಂತಲೇ ಬಂತು. ಈಗ ವಾರಕ್ಕೆ ಐದು ದಿನ, ದಿನಕ್ಕೆ ನಲವತ್ತು ನಿಮಿಷ ಕಲಿಕೆ. ಮರಳ ತಟ್ಟೆಯಲ್ಲಿ ಬರೆಯುತ್ತಾ ಸದ್ದು ಹೇಳುತ್ತಾಳೆ.

ಮೊನ್ನೆ ಅವಳೇ ನನಗೆ ಅರ್ಥವಿಲ್ಲದ ಪದ ಬರೆದುಕೊಟ್ಟು ಓದು ಅಂದಳು. 'ಗಮುಟಿ'. ಆಮೇಲೆ ನನ್ನ ಸರದಿ. 'ತಮುಕಿ' ಬರೆದೆ. ಬೆರಳು ಇಡದೆ ಓದಿದಳು.

ಮುಂದಿನ ವಾರ ಒತ್ತಕ್ಷರ ಶುರು. ಯಾವುದರಿಂದ ಶುರು ಮಾಡಲಿ ಮೇಡಂ?

ಕಪ್ಪು ಹಲಗೆ
ಓದಿ ಕಣ್ಣು ತುಂಬಿತು. ಒತ್ತಕ್ಷರವನ್ನು 'ಅಕ್ಕ', 'ಹಗ್ಗ', 'ಬಟ್ಟೆ'ಯಿಂದ ಶುರು ಮಾಡಿ. ಅಲ್ಲಿ ಒತ್ತು ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪವೇ ಬೇರೆ, ಅವನ್ನು ಒಂದೊಂದಾಗಿ ಆಮೇಲೆ ತನ್ನಿ. ಅರ್ಕಾವತ್ತು ಕೊನೆಗೆ ಇರಲಿ. ಪ್ರತಿ ಪದವನ್ನೂ ಮೊದಲು ಬಾಯಲ್ಲಿ ಬಿಡಿಸಲಿ, ಆಮೇಲೆ ಮರಳಿನಲ್ಲಿ.